ರಾಯರ ಪೆಟ್ಟಿಗೆ

ಮನೆಯ ಗೋಡೆಗಡಿಯಾರ ನಿಂತರೆ ಗೃಹಸ್ಥನಾದವನು ಅದನ್ನು ಕೆಳಗಿಳಿಸಿ ಒಮ್ಮೆ ಅಲುಗಿಸಿ ನೋಡುತ್ತಾನೆ. ರೇಡಿಯೋ ಗೊರಗುಟ್ಟಿದರೆ ಅದರ ನೆತ್ತಿಯ ಮೇಲೆ ಮೃದುವಾಗಿ ಒಂದೇಟು ಹಾಕುತ್ತಾನೆ. ಮಿಕ್ಸಿ ನಡುವೆಯೇ ನಿಂತುಹೋದರೆ ಅದರ ತಳದ ಕೆಂಪು ಗುಂಡಿಯನ್ನು ಒತ್ತುವಷ್ಟು ವಿದ್ಯೆ ಯಾವ ಗೃಹಿಣಿಗೂ ಇದ್ದೇ ಇದೆ. ಆದರೆ ಕಂಪ್ಯೂಟರು ಕೆಟ್ಟು ಕುಳಿತಿತೆಂದರೆ ಮಾತ್ರ ಮನೆಮಂದಿಯೆಲ್ಲ ವೈದ್ಯರು ಕೈಬಿಟ್ಟ ರೋಗಿಯ ಮಂಚದ ಸುತ್ತ ನಿಂತವರಂತೆ ನಿಂತುಬಿಡುತ್ತಾರೆ. ಮುಟ್ಟಲು ಭಯ, ಮುಟ್ಟದಿದ್ದರೆ ಕೆಲಸ ನಡೆಯದು. ಈ ಭಯಕ್ಕೆ ಕಾರಣ ಯಂತ್ರದ ಜಟಿಲತೆಯಷ್ಟೇ ಅಲ್ಲ. ಗಡಿಯಾರದೊಳಗೆ ಇರುವುದು ಬರಿಯ ಚಕ್ರ. ಕಂಪ್ಯೂಟರಿನೊಳಗೆ ಮನೆಯವರ ಬದುಕಿನ ಒಂದು ಭಾಗವೇ ಅಡಗಿರುತ್ತದೆ.

ಮೈಸೂರಿನ ಸರಸ್ವತೀಪುರದ ರಾಯರಿಗೆ ಈ ಸತ್ಯ ಹೊಳೆದದ್ದು ಒಂದು ದೂರವಾಣಿ ಕರೆಯಿಂದ. ರಾಯರು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. 2008ರಲ್ಲಿ ಮಗ ಅವರ ಉಪಯೋಗಕ್ಕೆಂದು ಒಂದು ಕಂಪ್ಯೂಟರನ್ನು ತಂದಿರಿಸಿದ. ಆದರೆ ಅದನ್ನು ವಶಪಡಿಸಿಕೊಂಡವರು ಅವರ ಪತ್ನಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಕೆ ಹದಿನೈದು ದಿನಗಳಲ್ಲಿ ಕರಗತ ಮಾಡಿಕೊಂಡರು. ಕ ಬೇಕಾದರೆ ಕೆ ಕೀಲಿ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ಇಷ್ಟೇ ಅಲ್ಲವೆ ಎಂದು ನಕ್ಕು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಪ್ರತಿದಿನ ಮಧ್ಯಾಹ್ನದ ಕಾಫಿಯಾದ ಮೇಲೆ ಒಂದು ಗಂಟೆ ಬರೆಯುತ್ತ ಕುಳಿತರು. ಬರೆದದ್ದು ಅತ್ತೆಯವರಿಂದ ಕಲಿತ ಮದುವೆಯ ಹಾಡುಗಳನ್ನು. ಹಸೆಯ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಎಲ್ಲ ಸೇರಿ 47. ಆಕೆ ತೀರಿಕೊಂಡು ಎರಡು ವರ್ಷಗಳಾದವು. ಪೆಟ್ಟಿಗೆಯು ಆಕೆಯೇ ಹೆಣೆದ ಹೊದಿಕೆಯ ಕೆಳಗೆ ಮೌನವಾಗಿತ್ತು.

ಆ ದಿನ ಬೆಂಗಳೂರಿನಿಂದ ಪತ್ನಿಯ ತಂಗಿ ಮಾತನಾಡಿದರು. "ಭಾವ, ಮಗಳ ಮದುವೆ ಮುಂದಿನ ತಿಂಗಳು ನಿಶ್ಚಯವಾಗಿದೆ. ಅಕ್ಕ ಬರೆದಿಟ್ಟ ಹಾಡುಗಳನ್ನು ಕಳುಹಿಸಿಕೊಡಿ. ಈಗ ನಮ್ಮಲ್ಲಿ ಯಾರಿಗೂ ಅವು ಪೂರ್ತಿಯಾಗಿ ಬರುವುದಿಲ್ಲ."

ಅದಕ್ಕೇನಂತೆ ಎಂದು ರಾಯರು ಹೊದಿಕೆ ಸರಿಸಿ ಗುಂಡಿ ಒತ್ತಿದರು. ಒಳಗೆ ಫ್ಯಾನು ಗುಯ್ ಎಂದಿತು. ಹಸಿರು ದೀಪ ಹೊತ್ತಿತು. ಪರದೆ ಮಾತ್ರ ಅಮಾವಾಸ್ಯೆಯಾಗಿಯೇ ಉಳಿಯಿತು. ಬೀಪ್ ಎಂದು ದೀರ್ಘವಾಗಿ ಕೂಗಿ, ಒಂದು ಕ್ಷಣ ತಡೆದು, ಪೆಟ್ಟಿಗೆ ಮತ್ತೆ ಕೂಗಿತು. ರಾಯರು ಗುಂಡಿ ಆರಿಸಿದರು. ಅಂಗಡಿಯೊಂದಕ್ಕೆ ದೂರವಾಣಿ ಮಾಡಿದರೆ, "ಬೋರ್ಡು ಹೋಗಿದೆ ಸಾರ್, ಹಳೆಯ ಕಾಲದ್ದು. ಹೊಸದೇ ತೆಗೆದುಕೊಳ್ಳಿ" ಎಂಬ ತೀರ್ಪು ನೋಡದೆಯೇ ಬಂದಿತು. ಹೊರದೇಶದಲ್ಲಿದ್ದ ಮಗನೂ, "ಅಪ್ಪ, ನಿಮಗೆ ಲ್ಯಾಪ್‌ಟಾಪ್ ಕೊಡಿಸಿದ್ದೇನಲ್ಲ, ಹಳೆಯದನ್ನು ಗುಜರಿಗೆ ಹಾಕಿಬಿಡಿ" ಎಂದ. ಅದರೊಳಗೆ ಏನಿದೆಯೆಂದು ಅವನಿಗೆ ನೆನಪಿರಲಿಲ್ಲ. ರಾಯರೂ ನೆನಪಿಸಲಿಲ್ಲ. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ.

ಮರುದಿನ ಎದುರುಮನೆಯ ಹುಡುಗಿ ಬಂದಳು. ಇಂಜಿನಿಯರಿಂಗ್ ಓದುತ್ತಿರುವವಳು. ಚಿಕ್ಕಂದಿನಲ್ಲಿ ರಾಯರ ಬಳಿ ಸಂಧಿ ಸಮಾಸಗಳ ಪಾಠ ಹೇಳಿಸಿಕೊಂಡವಳು. ವೃತ್ತಾಂತವನ್ನೆಲ್ಲ ಕೇಳಿ ಅವಳು ನಕ್ಕಳು.

"ತಾತ, ಅದು ಕೂಗಿತೆ? ಹಾಗಾದರೆ ಬೋರ್ಡು ಹೋಗಿರಲಾರದು. ಸತ್ತವರು ಕೂಗುತ್ತಾರೆಯೆ?"

ಮಾತು ಹಾಸ್ಯದ್ದಾದರೂ ತತ್ತ್ವ ಶಾಸ್ತ್ರೀಯವಾದದ್ದೇ. ಕಂಪ್ಯೂಟರು ಎಚ್ಚರಗೊಂಡ ಕೂಡಲೇ ಮೊದಲು ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಪರದೆಯಲ್ಲಿ ಬರೆದು ತಿಳಿಸಲಾಗದಂಥ ಕೊರತೆ ಕಂಡಾಗ ಕೂಗಿ ತಿಳಿಸುತ್ತದೆ. ಎಷ್ಟು ಬಾರಿ, ದೀರ್ಘವೋ ಹ್ರಸ್ವವೋ ಎಂಬುದಕ್ಕೆ ಅರ್ಥವಿದೆ. ಆ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಬಿಟ್ಟು ಬಿಟ್ಟು ಬರುವ ದೀರ್ಘವಾದ ಕೂಗು ಅನೇಕ ವೇಳೆ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯ ಪಟ್ಟಿಯನ್ನು ಕುರಿತದ್ದು. ಹ್ರಸ್ವ, ದೀರ್ಘ ಎಂಬ ಮಾತು ಕೇಳಿದೊಡನೆ ರಾಯರ ಕಿವಿ ನಿಮಿರಿತು. ಛಂದಸ್ಸು ಬಲ್ಲವರಿಗೆ ಇದೇನು ಹೊಸದಲ್ಲ! ಒಂದು ಹಾಳೆ, ಸೀಸದಕಡ್ಡಿ ಹಿಡಿದು ಅವರೂ ಪಕ್ಕದಲ್ಲಿ ಕುಳಿತರು.

ಹುಡುಗಿ ನೇರವಾಗಿ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಮೊದಲು ಗೋಡೆಯ ಪ್ಲಗ್ಗು, ಬಳಿಕ ವಿದ್ಯುತ್ತಿನ ತಂತಿ, ಬಳಿಕ ಪರದೆಗೆ ಹೋಗುವ ತಂತಿ, ಹೀಗೆ ಹೊರಗಿನಿಂದ ಒಳಕ್ಕೆ ಒಂದೊಂದನ್ನೇ ಬಿಡಿಸಿ ಮತ್ತೆ ಕೂಡಿಸಿದಳು. ಒಂದನ್ನು ಬದಲಿಸಿದ ಮೇಲೆ ಪರೀಕ್ಷೆ, ಆಮೇಲೆಯೇ ಇನ್ನೊಂದು. ಏಕಕಾಲಕ್ಕೆ ನಾಲ್ಕನ್ನು ಬದಲಿಸಿದರೆ ಯಂತ್ರ ಸರಿಹೋದೀತು, ಆದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ನಾಳೆ ಮತ್ತೆ ಕೆಟ್ಟರೆ ಮತ್ತೆ ಕತ್ತಲೆ. ಅರ್ಥವಾಗದ ಪದ್ಯವನ್ನು ಕವಿಯ ತಪ್ಪೆನ್ನುವ ಮೊದಲು ಪದಚ್ಛೇದ ಮಾಡಿ ನೋಡಿ ಎಂದು ರಾಯರು ಮೂವತ್ತು ವರ್ಷ ಹೇಳಿಕೊಟ್ಟದ್ದೂ ಇದನ್ನೇ.

ಹೊರಗೆ ದೋಷ ಕಾಣಲಿಲ್ಲ. ಆಗ ಅವಳು ಪ್ಲಗ್ಗನ್ನು ಪೂರ್ತಿಯಾಗಿ ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹಕ್ಕೆ ಒಮ್ಮೆ ಕೈ ತಾಗಿಸಿದಳು. ಮೈಮೇಲಿನ ಸ್ಥಿರವಿದ್ಯುತ್ತು ಮನುಷ್ಯನಿಗೆ ತಿಳಿಯದಷ್ಟು ಅಲ್ಪವಾದರೂ ಸೂಕ್ಷ್ಮವಾದ ಬಿಲ್ಲೆಗಳಿಗೆ ಅದು ಸಿಡಿಲು. ಪಕ್ಕದ ಮುಚ್ಚಳ ತೆರೆದಾಗ ರಾಯರು ಹೌಹಾರಿದರು. ಒಳಗೆ ಬೂದಿಬಣ್ಣದ ಧೂಳು ಹತ್ತಿಯಂತೆ ಹಾಸಿತ್ತು. ನಡುವೆ ಒಂದು ಜಿರಲೆಯ ರೆಕ್ಕೆ.

"ಇದಕ್ಕೂ ಇತಿಹಾಸವಿದೆ ತಾತ" ಎಂದಳು ಹುಡುಗಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಎಂಬ ಬೃಹದ್ಯಂತ್ರ ಎಡವತೊಡಗಿದಾಗ, ಅದರ ರಿಲೇ ಒಂದರ ನಡುವೆ ಪತಂಗವೊಂದು ಸಿಕ್ಕಿಕೊಂಡಿದ್ದುದು ಕಂಡಿತು. ಅಲ್ಲಿನವರು ಅದನ್ನು ತೆಗೆದು ದಿನಚರಿಯ ಪುಟಕ್ಕೇ ಅಂಟಿಸಿ, ನಿಜವಾದ ಹುಳು ಸಿಕ್ಕಿತೆಂದು ಬರೆದಿಟ್ಟರು. ಯಂತ್ರದ ದೋಷಕ್ಕೆ ಹುಳುವೆಂಬ ಹೆಸರು ಅದಕ್ಕೂ ಮೊದಲೇ ಇತ್ತು. ಎಡಿಸನ್ 1878ರಲ್ಲಿಯೇ ಆ ಪದವನ್ನು ಬಳಸಿದ್ದ. ಆದ್ದರಿಂದಲೇ ಹಾರ್ವರ್ಡಿನವರಿಗೆ ಅಷ್ಟು ನಗೆ.

ಮೆತ್ತನೆಯ ಕುಂಚದಿಂದ ಧೂಳು ಜಾಡಿಸಿದ್ದಾಯಿತು. ವಿದ್ಯುತ್ತು ಬರುವ ಲೋಹದ ಡಬ್ಬಿಯನ್ನು ಮಾತ್ರ ಅವಳು ತೆರೆಯಲಿಲ್ಲ. ಪ್ಲಗ್ಗು ಕಿತ್ತಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಅದು ಕೆಟ್ಟರೆ ಬದಲಿಸಬೇಕೇ ಹೊರತು ಬಿಚ್ಚಬಾರದು. ಬಳಿಕ ರ‍್ಯಾಮಿನ ಪಟ್ಟಿಯ ಎರಡು ತುದಿಗಳ ಹಿಡಿಕೆಗಳನ್ನು ಸಡಿಲಿಸಿ ಅದನ್ನು ಹೊರತೆಗೆದಳು. ಅಂಚಿನ ಹೊಂಬಣ್ಣದ ಗೆರೆಗಳು ಮಂಕಾಗಿದ್ದವು.

"ತಾತ, ರಬ್ಬರು ಇದೆಯೆ? ಪೆನ್ಸಿಲ್ ಅಳಿಸುವುದು."

ಸಾವಿರಾರು ರೂಪಾಯಿಯ ಯಂತ್ರಕ್ಕೆ ಎರಡು ರೂಪಾಯಿಯ ರಬ್ಬರು! ರಾಯರು ಮೇಜಿನಿಂದ ತಂದುಕೊಟ್ಟರು. ಹುಡುಗಿ ಆ ಗೆರೆಗಳನ್ನು ಹಗುರವಾಗಿ ಉಜ್ಜಿ, ಉದುರಿದ ಪುಡಿಯನ್ನು ಒಣಬಟ್ಟೆಯಿಂದ ಒರಸಿ, ಪಟ್ಟಿಯನ್ನು ಮತ್ತೆ ಅದರ ಸ್ಥಾನದಲ್ಲಿ ಟಕ್ ಎನ್ನುವವರೆಗೆ ಒತ್ತಿದಳು. ಗುಂಡಿ ಒತ್ತಿದಾಗ ಒಂದೇ ಒಂದು ಹ್ರಸ್ವವಾದ ಕೂಗು. ಎಲ್ಲ ಕ್ಷೇಮವೆಂಬ ಸೂಚನೆ ಅದು. ಪರದೆ ಬೆಳಗಿತು.

ಆದರೆ ಬೆಳಗಿದ ಪರದೆ ದಿನಾಂಕವನ್ನು ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದು ತೋರಿಸಿತು. ಬೋರ್ಡಿನ ಮೇಲೆ 2032 ಎಂಬ ಸಂಖ್ಯೆಯ, ನಾಣ್ಯದಂಥ ಬ್ಯಾಟರಿಯೊಂದಿರುತ್ತದೆ. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ, 3 ವೋಲ್ಟು, ಸಂಖ್ಯೆಯಲ್ಲಿಯೇ ಅಳತೆಯಿದೆ. ಪ್ಲಗ್ಗು ಕಿತ್ತಾಗಲೂ ಕಾಲವನ್ನು ನೆನಪಿಡುವುದು ಅದರ ಕೆಲಸ. ಅದು ಬತ್ತಿತೆಂದರೆ ಯಂತ್ರಕ್ಕೆ ಮರೆವು. ಇಂಥ ಯಂತ್ರ ಅಂತರಜಾಲಕ್ಕೆ ಹೋದರೆ ಅಲ್ಲಿ ಎಲ್ಲೆಲ್ಲೂ ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಅವಧಿಯುಂಟು, ತಪ್ಪು ದಿನಾಂಕದ ಕಣ್ಣಿಗೆ ಅವೆಲ್ಲ ಸುಳ್ಳಾಗಿ ಕಾಣುತ್ತವೆ.

"ಹಾಗಾದರೆ ಮೊದಲು ಬ್ಯಾಟರಿ ತರುತ್ತೇನೆ" ಎಂದು ರಾಯರು ಚಪ್ಪಲಿ ಮೆಟ್ಟಲು ಎದ್ದರು. ಹುಡುಗಿ ತಡೆದಳು. ಅವಳ ಮುಖದಲ್ಲಿ ನಗೆಯಿರಲಿಲ್ಲ.

"ಬೇಡ ತಾತ. ಸ್ವಲ್ಪ ಕೇಳಿ."

ಪೆಟ್ಟಿಗೆಯೊಳಗಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಹಾರ್ಡ್ ಡಿಸ್ಕಿನದು. ಈ ಬಗೆಯ ಹಳೆಯ ಡಿಸ್ಕಿನೊಳಗೆ ಬಿಲ್ಲೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಓದುವ ತಲೆಯು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಅದರ ಮೇಲೆ ತೇಲುತ್ತದೆ. ಟಿಕ್ ಟಿಕ್ ಎಂಬುದು ಆ ತಲೆ ತನ್ನ ದಾರಿಯನ್ನು ಕಾಣದೆ ಹಿಂದಿರುಗಿ ಹಿಂದಿರುಗಿ ಹುಡುಕುವ ಸದ್ದು. ಡಿಸ್ಕು ಇನ್ನೆಷ್ಟು ದಿನ, ಇನ್ನೆಷ್ಟು ಗಂಟೆ ಬಾಳುವುದೋ ಹೇಳಲಾಗದು. ಇಂಥ ಸಮಯದಲ್ಲಿ ಯಂತ್ರವನ್ನು ಆರಿಸಿ ಹೊತ್ತಿಸಿ ಪರೀಕ್ಷಿಸುವುದು, ಹೊಸ ತಂತ್ರಾಂಶ ಹಾಕುವುದು, ದುರಸ್ತಿಗೆ ಇಳಿಯುವುದು ಎಲ್ಲವೂ ಉಸಿರಾಡಲು ಕಷ್ಟಪಡುತ್ತಿರುವವನನ್ನು ಮೆಟ್ಟಿಲು ಹತ್ತಿಸಿದಂತೆ. ಮೊದಲು ಬೇಕಾದುದನ್ನು ಹೊರಗೆ ತೆಗೆದುಕೊಳ್ಳಬೇಕು, ಚಿಕಿತ್ಸೆಯೆಲ್ಲ ಆಮೇಲೆ.

"ಮೊದಲು ಯಾವುದು ಬೇಕು, ಹೇಳಿ ತಾತ. ಎಲ್ಲವೂ ಸಿಕ್ಕದೆ ಹೋಗಬಹುದು."

ರಾಯರು ಕ್ಷಣಕಾಲ ಸುಮ್ಮನಿದ್ದರು. ಅದರೊಳಗೆ ಅವರದೇ ವ್ಯಾಕರಣದ ಟಿಪ್ಪಣಿಗಳಿದ್ದವು. ಹತ್ತು ವರ್ಷಗಳ ಲೆಕ್ಕವಿತ್ತು. ಮಗನ ಮದುವೆಯ ಚಿತ್ರಗಳಿದ್ದವು.

"ಹಾಡುಗಳು" ಎಂದರು.

ಪೆನ್‌ಡ್ರೈವಿಗೆ ಹಾಡುಗಳ ಕಡತ ಇಳಿಯಲು ಎರಡು ನಿಮಿಷ ಸಾಕಾಗಿತ್ತು. ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಇಬ್ಬರೂ ಮಾತನಾಡಲಿಲ್ಲ. ಬಳಿಕ ಚಿತ್ರಗಳು ಬಂದವು, ಲೆಕ್ಕ ಬಂದಿತು. ವ್ಯಾಕರಣದ ಟಿಪ್ಪಣಿಗಳು ಅರ್ಧ ಬರುವಷ್ಟರಲ್ಲಿ ಟಿಕ್ ಟಿಕ್ ಸದ್ದು ಜೋರಾಯಿತು. ಪರದೆ ನೀಲಿಯಾಗಿ ನಿಂತಿತು. ಆಮೇಲೆ ಆ ಡಿಸ್ಕು ಏಳಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಕಡತವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಾಗ ಹಾಡಿನ ಸ್ಥಳದಲ್ಲಿ ಕಂಡದ್ದು ತಲೆಗೆ ಟೋಪಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಹೋಯಿತೆಂದು ರಾಯರು ಕಣ್ಣು ಮುಚ್ಚಿದರು. ಹೋಗಿರಲಿಲ್ಲ. ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಯಂತ್ರದ ಪಾಲಿಗೆ ಅದು ಇಂಗ್ಲಿಷೇ. ನುಡಿಯ ಅಕ್ಷರವಿನ್ಯಾಸವನ್ನು ತೊಡಿಸಿದರೆ ಮಾತ್ರ ಕನ್ನಡ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ದೊರೆತಿತ್ತಾದರೂ, ಬಹುಕಾಲ ಕನ್ನಡಿಗರು ಬಾಡಿಗೆಯ ಮನೆಯಲ್ಲಿಯೇ ಇದ್ದರು. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನಗಳಿವೆ. ಹುಡುಗಿ ಪರಿವರ್ತಿಸಿಕೊಟ್ಟಳು. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಳ ತಪ್ಪಿ ಕುಳಿತಿದ್ದವು.

"ಇನ್ನು ಮುಂದಿನದು ನನಗೆ ಬರುವುದಿಲ್ಲ ತಾತ, ನಿಮ್ಮ ಕೆಲಸ" ಎಂದಳು.

ರಾಯರು ನಾಲ್ಕು ರಾತ್ರಿ ಕುಳಿತು ತಿದ್ದಿದರು. ಆ ಹಾಡುಗಳನ್ನು ಅಡಿಗೆಮನೆಯಿಂದ ಎಷ್ಟೋ ಬಾರಿ ಕೇಳಿದ್ದರು. ಓದಿದ್ದು ಇದೇ ಮೊದಲು. 31ನೆಯ ಹಾಡಿನ ಕೆಳಗೆ ಪತ್ನಿಯ ಟಿಪ್ಪಣಿಯಿತ್ತು: "ಇದನ್ನು ಅತ್ತೆಯವರು ಹೇಳುತ್ತಿದ್ದ ಧಾಟಿಯೇ ಬೇರೆ. ಇವರಿಗೆ ಗೊತ್ತಿರಬಹುದು, ಆದರೆ ಇವರು ಹಾಡಿದರೆ ಬೀಗರು ಎದ್ದು ಹೋಗುತ್ತಾರೆ." ರಾಯರು ಕನ್ನಡಕ ತೆಗೆದು ಒರಸಿಕೊಂಡರು, ನಕ್ಕರೋ ಅತ್ತರೋ ನೋಡಿದವರಿಲ್ಲ.

ಹಾಡುಗಳು ಬೆಂಗಳೂರಿಗೆ ಹೋದವು. ಮದುವೆಯಲ್ಲಿ ಹೆಂಗಸರು ಮೊಬೈಲು ನೋಡಿಕೊಂಡು ಹಾಡಿದರು. 31ನೆಯದರ ಧಾಟಿಯನ್ನು ರಾಯರು ಹಿಂದಿನ ದಿನವೇ ಮೆಲ್ಲಗೆ ಹೇಳಿಕೊಟ್ಟಿದ್ದರು. ಬೀಗರು ಎದ್ದು ಹೋಗಲಿಲ್ಲ.

ಈಗ ಆ ಹಾಡುಗಳ ಮೂರು ಪ್ರತಿಗಳಿವೆ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಬೀರುವಿನಲ್ಲಿರುವ ಬೇರೆ ಡಿಸ್ಕಿನಲ್ಲಿ, ಒಂದು ಬೆಂಗಳೂರಿನಲ್ಲಿ. ಕಳ್ಳತನವಾಗಲಿ, ಬೆಂಕಿಯಾಗಲಿ, ಮೂರು ಕಡೆಗೂ ಒಮ್ಮೆಗೇ ಬರುವುದು ಅಪರೂಪ. ಹಳೆಯ ಪೆಟ್ಟಿಗೆಗೆ ಹೊಸ ಡಿಸ್ಕು, ಹೊಸ ಬ್ಯಾಟರಿ ಬಂದಿವೆ. ಅದೀಗ ಕಾಲವನ್ನು ಸರಿಯಾಗಿ ಹೇಳುತ್ತದೆ. ಯಂತ್ರದ ಅಂಗಗಳೆಲ್ಲ ಅಂಗಡಿಯಲ್ಲಿ ದೊರೆಯುತ್ತವೆ. ದೊರೆಯದಿರುವುದನ್ನು ಮಾತ್ರ ಅದು ಚೆನ್ನಾಗಿರುವಾಗಲೇ ಇನ್ನೊಂದೆಡೆ ಬರೆದಿಡಬೇಕು. ರಾಯರ ವ್ಯಾಕರಣದ ಟಿಪ್ಪಣಿಗಳು ಅರ್ಧವೇ ಉಳಿದವು. ಮಿಕ್ಕದ್ದನ್ನು ಅವರು ಈಗ ಮತ್ತೆ ಬರೆಯುತ್ತಿದ್ದಾರೆ, ಪ್ರತಿದಿನ ಮಧ್ಯಾಹ್ನದ ಕಾಫಿಯಾದ ಮೇಲೆ ಒಂದು ಗಂಟೆ.