ಬರ್ಫ ಬಂದ ದಾರಿ

ಯಾದಗಿರಿ, ಶಹಾಪುರ, ಸುರಪುರ ಎಂಬ ಈ ಮೂರು ಊರುಗಳಲ್ಲಿ ಕುಲ್ಫಿಯು ಒಂದೇ ಹೆಸರಿನಿಂದ ಮಾರಾಟವಾಗುತ್ತಿದ್ದರೂ ಒಂದೂರಿನ ರುಚಿ ಇನ್ನೊಂದೂರಿಗೆ ಇರಲಿಲ್ಲವೆಂಬುದನ್ನು, ನಮ್ಮ ಸೀಮೆಯು ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡಿಕೊಂಡ ಆ ಕಾಲದಲ್ಲಿ ಬಾಲ್ಯವನ್ನು ಕಳೆದ ನನ್ನಂತಹವರು ಇಂದಿಗೂ ಖಚಿತವಾಗಿ ಹೇಳಬಲ್ಲರು. ಈ ಭೇದಕ್ಕೆ ಕಾರಣ ಮಾಡುವವನ ಕೈಗುಣವೆಂದು ಹಿರಿಯರು ಹೇಳುತ್ತಿದ್ದರು. ಕೈಗುಣವಿಲ್ಲದೆ ಯಾವ ಕಸುಬೂ ಇಲ್ಲ, ನಿಜ. ಆದರೆ ಬಹುಕಾಲ ಇದನ್ನು ಗಮನಿಸುತ್ತ ಬಂದ ನನಗೆ, ಆ ಕೈಯನ್ನು ತಿದ್ದಿದ ಶಕ್ತಿ ಬೇರೊಂದು ಎಂದು ತೋರುತ್ತದೆ. ಅದು ರೈಲು ನಿಲ್ದಾಣದಿಂದ ಊರಿಗಿದ್ದ ದೂರ.

ಮುಂಬಯಿ–ಮದರಾಸು ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿದಾಗ ದಾರಿಯಲ್ಲಿದ್ದ ಯಾದಗಿರಿಗೆ ನಿಲ್ದಾಣದ ಭಾಗ್ಯ ಒದಗಿತು. ಶಹಾಪುರ, ಸುರಪುರಗಳಿಗೆ ಆ ಭಾಗ್ಯ ಬರಲಿಲ್ಲ. ಯಾದಗಿರಿಯಿಂದ ಭೀಮಾ ನದಿಯನ್ನು ದಾಟಿ ಸುಮಾರು 35 ಕಿಲೋಮೀಟರು ನಡೆದರೆ ಶಹಾಪುರ; ಅಲ್ಲಿಂದ ಮುಂದೆ ಮತ್ತೆ 25 ಕಿಲೋಮೀಟರಿನಷ್ಟು ಹೋದರೆ ಬೇಡರ ನಾಯಕರು ಆಳಿದ ಸುರಪುರದ ಗುಡ್ಡಗಳು. ವೈಶಾಖದ ಬಿಸಿಲು ನಲವತ್ತೈದು ಡಿಗ್ರಿಯನ್ನು ಮುಟ್ಟಿ, ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ಊರಿನ ಮೇಲೆ ಕಾರುವ ಸೀಮೆ ಇದು. ಇಂತಹ ನಾಡಿನಲ್ಲಿ ಬರ್ಫದ ಗಡ್ಡೆಯೊಂದನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದು, ಗೋಣಿತಟ್ಟು ಸುತ್ತಿ, ಬಸ್ಸಿನ ಮೇಲೋ ಲಾರಿಯ ಹಿಂದೋ ಇಟ್ಟು ಸುರಪುರಕ್ಕೆ ಒಯ್ಯುವುದೆಂದರೆ ಹೊರಟದ್ದರ ಅರ್ಧವನ್ನು ದಾರಿಗೆ ದಾನ ಮಾಡಿದಂತೆಯೇ ಆಗುತ್ತಿತ್ತು.

ಬರ್ಫವು ಹೀಗೆ ದೂರದಿಂದ ನಡೆದು ಬರುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ಅಕ್ಬರನ ಆಸ್ಥಾನಕ್ಕೆ ಹಿಮಾಲಯದ ಕಡೆಯಿಂದ ಹಿಮವು ಲಾಹೋರಿಗೆ ಬರುತ್ತಿದ್ದುದನ್ನೂ, ನೀರನ್ನು ತಂಪುಗೊಳಿಸಲು ಸೋರುಪ್ಪನ್ನು ಬಳಸುತ್ತಿದ್ದುದನ್ನೂ ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಮೆರಿಕದ ಕೆರೆಗಳಲ್ಲಿ ಕೊಯ್ದ ಬರ್ಫವನ್ನು ಹಡಗಿನಲ್ಲಿ ಕಲಕತ್ತೆಗೆ ಕಳುಹಿದನು. ಆ ವ್ಯಾಪಾರಕ್ಕೆಂದು ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸಿನಲ್ಲಿಯೇ ಮುಂದೆ 1897ರಲ್ಲಿ ವಿವೇಕಾನಂದರು ತಂಗಿದ್ದರು. ಮದರಾಸಿನ ಶ್ರೀಮಂತರು ಅಮೆರಿಕದ ಬರ್ಫವನ್ನು ಪಾನೀಯಗಳಲ್ಲಿ ತೇಲಿಸುತ್ತಿದ್ದ ಆ ದಿನಗಳಲ್ಲಿಯೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ಸುರಪುರದ ಗುಡ್ಡದ ಮೇಲಿನ ತನ್ನ ಬಂಗಲೆಯಲ್ಲಿದ್ದನು. ಟೇಲರ್ ಮಂಜಿಲ್ ಎಂದು ಜನ ಕರೆಯುವ ಆ ಕಟ್ಟಡದ ನೆರಳಿನಲ್ಲಿ ನಿಂತಾಗಲೆಲ್ಲ, ಅಂದು ಆ ಎತ್ತರದ ಗಾಳಿಯನ್ನು ಬಿಟ್ಟರೆ ತಂಪೆಂಬುದು ಈ ಊರಿಗೆ ಎಷ್ಟು ದೂರದ ವಸ್ತುವಾಗಿದ್ದಿರಬೇಕೆಂದು ನನಗೆ ಅನ್ನಿಸಿದೆ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನಾನು ಕಂಡ ಕುಲ್ಫಿಯವರಿಗೆ ಬರ್ಫದ ಚಿಂತೆ ಇರಲಿಲ್ಲ. ರೈಲು ಇಳಿಸಿದ ಗಡ್ಡೆ ಗಳಿಗೆಯೊಳಗೆ ಅವರ ಗಡಿಗೆಯನ್ನು ಸೇರುತ್ತಿತ್ತು. ಅವರು ಹಾಲನ್ನು ಒಂದೆರಡು ಕುದಿ ಕುದಿಸಿ, ಸಕ್ಕರೆಯನ್ನು ಧಾರಾಳವಾಗಿ ಸುರಿದು, ಗಟ್ಟಿತನದ ಹೊರೆಯನ್ನೆಲ್ಲ ಬರ್ಫ–ಉಪ್ಪುಗಳ ಮೇಲೆ ಹೊರಿಸುತ್ತಿದ್ದರು. ಕುಲ್ಫಿ ಕಲ್ಲಿನಂತೆ ಹೆಪ್ಪುಗಟ್ಟುತ್ತಿತ್ತು, ಹಲ್ಲಿಗೆ ಜುಮ್ಮೆನ್ನುತ್ತಿತ್ತು, ಬಾಯಲ್ಲಿ ಕರಗುವಾಗ ಸಣ್ಣ ಹರಳುಗಳು ಕರಕರ ಎನ್ನುತ್ತಿದ್ದವು. ಬಿಸಿಲಲ್ಲಿ ಇಳಿದ ಪ್ರಯಾಣಿಕನಿಗೆ ಅದು ಅಮೃತವೇ ಸರಿ, ನಾನು ಅದನ್ನು ಹಳಿಯಲಾರೆ. ಶಹಾಪುರದ್ದು ನಡುವಿನ ಹಾದಿ. ಅಲ್ಲಿ ಹತ್ತಿಯ ವ್ಯಾಪಾರವಿತ್ತು, ಸಂತೆಯ ಗದ್ದಲವಿತ್ತು, ಕೊಳ್ಳುವ ಕೈಗಳಿದ್ದವು. ಕುಲ್ಫಿಗೆ ಕೇಸರಿಯ ಬಣ್ಣವೂ ಪಿಸ್ತಾದ ಚೂರೂ ಮೊದಲು ಬಂದದ್ದನ್ನು ನಾನು ಕಂಡದ್ದು ಆ ಊರಿನಲ್ಲಿಯೇ.

ಸುರಪುರದ ಮಾತೇ ಬೇರೆ. ರಂಗಂಪೇಟೆಯ ಕಡೆಯ ಒಂದು ಓಣಿಯಲ್ಲಿ ಕುಲ್ಫಿ ಮಾಡುತ್ತಿದ್ದ ಒಬ್ಬ ವೃದ್ಧರನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ನಸುಕಿನಲ್ಲಿ ಕರೆದ ಎಮ್ಮೆಯ ಹಾಲು, ಜೋಳದ ಕಣಕಿ ಮೇಯ್ದ ಎಮ್ಮೆಗಳ ದಪ್ಪನೆಯ ಹಾಲು, ಅವರ ಮನೆಯ ಮುಂದಿನ ಕಬ್ಬಿಣದ ಕಡಾಯಿಯನ್ನು ಸೇರಿದರೆ, ಬಿಸಿಲು ನೆತ್ತಿಗೇರುವವರೆಗೂ ಅದು ಅಲ್ಲಿಂದ ಇಳಿಯುತ್ತಿರಲಿಲ್ಲ. ಜಾಲಿಯ ಕಟ್ಟಿಗೆಯ ಸಣ್ಣ ಉರಿ. ಕಡಾಯಿಯ ಅಂಚಿಗೆ ಹತ್ತಿದ ಕೆನೆಯನ್ನು ಮತ್ತೆ ಮತ್ತೆ ಕೆರೆದು ಹಾಲಿಗೆ ಬೆರೆಸುವ ಸಟ್ಟುಗ. ಹತ್ತು ಸೇರು ಹಾಲು ನಾಲ್ಕು ಸೇರಿಗೆ ಇಳಿದು, ಕಂದು ಬಣ್ಣಕ್ಕೆ ತಿರುಗಿ, ಏಲಕ್ಕಿಯ ಪುಡಿ ಬಿದ್ದ ಕೂಡಲೆ ಓಣಿಗೆ ಓಣಿಯೇ ಘಮಘಮಿಸುವುದು. ಆರಿದ ಹಾಲನ್ನು ತಗಡಿನ ಅಚ್ಚುಗಳಿಗೆ ತುಂಬಿ, ಮುಚ್ಚಳದ ಸಂದಿಗೆ ಉಪ್ಪುನೀರು ಇಳಿಯದಂತೆ ನಾದಿದ ಗೋದಿಹಿಟ್ಟು ಮೆತ್ತಿ, ದೊಡ್ಡ ಮಣ್ಣಿನ ಗಡಿಗೆಯಲ್ಲಿ ಬರ್ಫದ ಚೂರು ಮತ್ತು ಕಲ್ಲುಪ್ಪುಗಳ ನಡುವೆ ಹುಗಿದು, ಗಡಿಗೆಯನ್ನು ಎರಡೂ ಕೈಯಿಂದ ತೊನೆಯುತ್ತ ಅವರು ಕೂರುತ್ತಿದ್ದರು. ಸಂಜೆ ಕೆಂಪು ವಸ್ತ್ರ ಸುತ್ತಿದ ಆ ಗಡಿಗೆಯು ವೇಣುಗೋಪಾಲಸ್ವಾಮಿ ಗುಡಿಯ ಕಡೆಗೆ ತಲೆಯ ಮೇಲೆ ಹೊರಡುವುದು. ಅಚ್ಚಿನಿಂದ ಜಾರಿದ ಕುಲ್ಫಿಯನ್ನು ಚಾಕುವಿನಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ದು ಮುತ್ತುಗದೆಲೆಯ ಮೇಲೆ ಕೊಡುವುದು.

ಇಷ್ಟು ಹೊತ್ತು ಹಾಲು ಕಾಯಿಸುವುದೇಕೆಂದು ನಾನೊಮ್ಮೆ ಕೇಳಿದೆ. ಅವರು ಸಟ್ಟುಗವನ್ನು ನಿಲ್ಲಿಸದೆಯೇ, “ತಮ್ಮಾ, ನಮ್ಮೂರಿಗಿ ಬರ್ಫ ಬರೂದೇ ಇಷ್ಟ ಅದ. ಹಾಲಿನಾಗಿನ ನೀರ ನಾ ಇಲ್ಲೇ ಉರಿ ಮ್ಯಾಲ ಕಳದ್ರ, ಅಷ್ಟ ನೀರ ಗಟ್ಟಿ ಮಾಡೂ ತ್ರಾಸ ಬರ್ಫಕ್ಕ ತಪ್ಪತದ” ಎಂದರು.

ಅವರು ಶಾಲೆಗೆ ಹೋದವರಲ್ಲ. ಆದರೆ ಸೊನ್ನೆ ಡಿಗ್ರಿಯ ನೀರನ್ನು ಬರ್ಫವಾಗಿಸಲು ಅದರಿಂದ ತೆಗೆಯಬೇಕಾದ ಉಷ್ಣವು, ಅದೇ ನೀರನ್ನು 80 ಡಿಗ್ರಿಯವರೆಗೆ ಕಾಯಿಸಲು ಬೇಕಾಗುವ ಉಷ್ಣಕ್ಕೆ ಸಮವೆಂದು ಮುಂದೆ ಪಾಠಪುಸ್ತಕದಲ್ಲಿ ಓದಿದಾಗ, ಆ ಮಾತಿನ ಒಳಗುಟ್ಟು ನನಗೆ ತಿಳಿಯಿತು. ಬರ್ಫಕ್ಕೆ ಉಪ್ಪು ಬೆರೆತರೆ ಅದರ ಶೈತ್ಯವು ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿಯಷ್ಟು ಕೆಳಕ್ಕೆ ಇಳಿಯಬಲ್ಲುದು. ಆದರೆ ಗಡಿಗೆಯಲ್ಲಿರುವ ಬರ್ಫವೇ ಕಡಿಮೆಯಿದ್ದರೆ ಆ ಶೈತ್ಯ ಎಷ್ಟು ಹೊತ್ತು ನಿಂತೀತು? ಹೀಗೆ ಬರ್ಫದ ಕೊರತೆಯು ಹಾಲನ್ನು ಗಟ್ಟಿಮಾಡಿತು. ಗಟ್ಟಿಯಾದ ಹಾಲಿನಲ್ಲಿ ನೀರು ಸ್ವಲ್ಪವೇ ಉಳಿದುದರಿಂದ ಹರಳುಗಳು ದೊಡ್ಡದಾಗದೆ ಕುಲ್ಫಿಗೆ ಬೆಣ್ಣೆಯ ನಯ ಬಂದಿತು. ರೈಲಿಲ್ಲದ ಊರಿನ ಕುಲ್ಫಿ ರೈಲಿದ್ದ ಊರಿನ ಕುಲ್ಫಿಯನ್ನು ಮೀರಿಸಿದುದು ಹೀಗೆ.

ಬದಲಾವಣೆ ಬಂದದ್ದು ವಿದ್ಯುತ್ತಿನೊಡನೆ. ನಮ್ಮ ಕಡೆಗೂ ಅಮೋನಿಯಾ ಯಂತ್ರದ ಬರ್ಫದ ಕಾರ್ಖಾನೆಗಳು ಬಂದವು. ಉಪ್ಪುನೀರಿನ ತೊಟ್ಟಿಯಲ್ಲಿ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ಗಡ್ಡೆಗಳು ಹುಟ್ಟತೊಡಗಿದವು. ಅದೇ ತೊಟ್ಟಿಯಲ್ಲಿ ಕಡ್ಡಿ ಚುಚ್ಚಿದ ಐಸ್ ಕ್ಯಾಂಡಿಯೂ ಹುಟ್ಟಿತು. ಕೆಂಪು, ಹಳದಿ ಬಣ್ಣದ ಸಿಹಿನೀರು ಸೈಕಲ್ಲಿನ ಹಿಂದಿನ ಮರದ ಪೆಟ್ಟಿಗೆಯಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಹಾಲಿನ ಕುಲ್ಫಿಯ ಬೆಲೆ ಕೊಡಲಾಗದ ಕೂಲಿಯವರ ಮಕ್ಕಳು ಜೀವಮಾನದಲ್ಲಿ ಮೊದಲ ಸಲ ತಣ್ಣನೆಯದನ್ನು ಬಾಯಿಗಿಟ್ಟದ್ದು ಆ ಕ್ಯಾಂಡಿಯಿಂದ. ಆದುದರಿಂದ ಅದರ ಮೇಲೆ ನನಗೆ ಗೌರವವೇ ಇದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಗಳು ಶಹಾಪುರ, ಸುರಪುರದ ಹೊಲಗಳನ್ನು ಹೊಕ್ಕ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹಣ ಬಂದಿತು, ರಸ್ತೆ ಬಂದಿತು, ಅಂಗಡಿಗಳಲ್ಲಿ ಶೀತಪೆಟ್ಟಿಗೆ ಬಂದಿತು. ಕಣಕಿಯ ಬಣವೆಗಳು ಮಾತ್ರ ಸಣ್ಣದಾದವು. ಬರ್ಫವು ಸುಲಭವಾದ ಮೇಲೆ ಹಾಲನ್ನು ಅರ್ಧ ದಿನ ಕಾಯಿಸುವ ಅಗತ್ಯವನ್ನು ಯಾರೂ ಕಾಣಲಿಲ್ಲ. ಸುರಪುರದ ಕುಲ್ಫಿಯೂ ಯಾದಗಿರಿಯದರಂತೆ ಆಯಿತು. ಚಾಚಾ ತೀರಿಕೊಂಡ ಮೇಲೆ ಅವರ ಮನೆಯವರು ಆ ಕಸುಬನ್ನು ಹಿಡಿಯಲಿಲ್ಲ. ನನ್ನ ಬದುಕಿನಲ್ಲಿ ಕಂಡ ನಷ್ಟಗಳಲ್ಲಿ ಇದನ್ನು ಚಿಕ್ಕದೆಂದು ಎಣಿಸಲು ನಾನು ಸಿದ್ಧನಿಲ್ಲ.

2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾದಾಗ ಸ್ಟೇಷನ್ ರಸ್ತೆಯಲ್ಲಿ ಗಾಜಿನ ಬಾಗಿಲಿನ ಐಸ್‌ಕ್ರೀಂ ಅಂಗಡಿಗಳು ತೆರೆದವು. ಅಲ್ಲಿ ಸಿಗುವ ಎಲ್ಲವೂ ಐಸ್‌ಕ್ರೀಂ ಅಲ್ಲವೆಂಬುದನ್ನು ಓದುಗರು ಡಬ್ಬಿಯ ಮೇಲೆ ನೋಡಿ ತಿಳಿಯಬೇಕು. ಐಸ್‌ಕ್ರೀಮಿನಲ್ಲಿ ನೂರಕ್ಕೆ ಹತ್ತರಷ್ಟಾದರೂ ಹಾಲಿನ ಕೊಬ್ಬು ಇರಬೇಕೆಂಬುದು ನಮ್ಮ ಆಹಾರ ಕಾನೂನು. ಸಸ್ಯದ ಎಣ್ಣೆಯಿಂದ ಮಾಡಿದುದಕ್ಕೆ ಫ್ರೋಜನ್ ಡೆಸರ್ಟ್ ಎಂದು ಬರೆಯಬೇಕು. ಗಾಳಿಯ ವಿಷಯವನ್ನಂತೂ ಡಬ್ಬಿ ಹೇಳುವುದಿಲ್ಲ. ಯಂತ್ರವು ಕಡೆಯುವಾಗ ಮಿಶ್ರಣದಷ್ಟೇ ಗಾತ್ರದ ಗಾಳಿಯನ್ನು ಅದಕ್ಕೆ ಸೇರಿಸಬಲ್ಲುದು.

ಇತ್ತೀಚೆಗೆ ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ, ಕೈಯಿಂದ ಮಾಡಿದ ಇಟಲಿಯ ಗೆಲಾಟೊ ಮಾರುವ ಅಂಗಡಿಗಳಿಗೆ ಮೊಮ್ಮಕ್ಕಳು ನನ್ನನ್ನು ಕರೆದೊಯ್ದರು. ಒಂದರಲ್ಲಿ ಪಿಸ್ತಾ ಪಿಸ್ತಾವೇ ಆಗಿತ್ತು. ಇನ್ನೊಂದರಲ್ಲಿ ಹಸಿರು ಬಣ್ಣವಷ್ಟೇ ಇತ್ತು. ಗೆಲಾಟೊವನ್ನು ನಿಧಾನವಾಗಿ ಕಡೆಯುತ್ತಾರೆ, ಗಾಳಿಯನ್ನು ಕಡಿಮೆ ಸೇರಿಸುತ್ತಾರೆ, ಐಸ್‌ಕ್ರೀಮಿನಷ್ಟು ಮರಗಟ್ಟಿಸದೆ ಕೊಡುತ್ತಾರೆ. ನಾಲಗೆಯು ಜಡವಾಗದೆ ರುಚಿಯನ್ನು ಹಿಡಿಯುವುದು ಅದರಿಂದಲೇ. ಒಳ್ಳೆಯ ಅಂಗಡಿಯ ಗೆಲಾಟೊವನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಗಾಳಿಯನ್ನು ಒಂದಿನಿತೂ ಸೇರಿಸದ, ಕಡೆಯದೆಯೇ ಹೆಪ್ಪುಗಟ್ಟಿಸುವ ಕುಲ್ಫಿಯ ಸಾಂದ್ರತೆ ಅದಕ್ಕೂ ಇಲ್ಲವೆಂದು ಹೇಳಿದಾಗ ಮಕ್ಕಳು ನಂಬಲಿಲ್ಲ. ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹೂವಿನಲ್ಲಿ ಹಾಲು, ಸಕ್ಕರೆ, ಹಣ್ಣು ಇಷ್ಟನ್ನೇ ನಂಬಿ ಐಸ್‌ಕ್ರೀಂ ಅಂಗಡಿ ತೆರೆದು ಗೆದ್ದುದನ್ನು ನೆನೆದರೆ, ನಮ್ಮ ಸೀಮೆಯ ಹಾಲಿಗೂ ಅಂತಹದೊಂದು ಅದೃಷ್ಟ ಒದಗಬಾರದೇ ಎಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಆ ಆಸೆಗೆ ಈಗ ಆಧಾರವಾಗಿರುವವರು ದೂರದವರು. ರಾಜಸ್ಥಾನದ ಮೇವಾಡದ ಕಡೆಯಿಂದ, ಬಹಳಮಟ್ಟಿಗೆ ಭಿಲ್ವಾಡಾ ಜಿಲ್ಲೆಯಿಂದ, ದಕ್ಷಿಣದ ಊರೂರಿಗೆ ಬರುವ ಐಸ್‌ಕ್ರೀಮಿನವರು ನಮ್ಮಲ್ಲಿಗೂ ಬರುತ್ತಾರೆ; ಬೇಸಿಗೆಯೆಲ್ಲ ದುಡಿದು, ಮಳೆ ಹಿಡಿದ ಮೇಲೆ ಊರಿಗೆ ಮರಳುತ್ತಾರೆ. ಎಲ್ಲರ ಗಾಡಿಯೂ ಒಂದೇ ತೂಕದ್ದಲ್ಲ. ಶಹಾಪುರದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಅಂತಹ ಯುವಕನೊಬ್ಬನು ಕಡಾಯಿಯ ಅಂಚಿನ ಕೆನೆಯನ್ನು ಕೆರೆದು ಹಾಲಿಗೆ ಬೆರೆಸುತ್ತಿದ್ದುದನ್ನು ನಾನು ಹೋದ ಚೈತ್ರದಲ್ಲಿ ಬಾಗಿಲಲ್ಲಿ ನಿಂತು ನೋಡಿದೆ. ಹಾಲಿನ ದರ ಏರಿದಾಗ ಕಾಯಿಸುವುದನ್ನು ಕಡಿಮೆ ಮಾಡದೆ ಕಡ್ಡಿಯ ಬೆಲೆಯನ್ನೇ ಐದು ರೂಪಾಯಿ ಏರಿಸಿದೆನೆಂದು ಅವನು ತನ್ನ ಅರೆಗನ್ನಡದಲ್ಲಿ ಹೇಳಿದನು. ಪಕ್ಕದ ಗಾಡಿಗಿಂತ ಅವನದು ತುಟ್ಟಿ. ಆದರೂ ರಾತ್ರಿ ಎಂಟರೊಳಗೆ ಅವನ ಗಡಿಗೆ ಬರಿದಾಗುತ್ತದೆ, ತಡವಾಗಿ ಬಂದವರು ಪಕ್ಕದ ಗಾಡಿಗೆ ಹೋಗುತ್ತಾರೆ.