ಎರಡು ಬೋಲ್ಟುಗಳು ಕಲಿಸಿದ ಪಾಠ

ಕಳೆದ ವಾರ ಮಾಲೂರಿನಿಂದ ನನ್ನ ತಮ್ಮನ ಮಗ ದೂರವಾಣಿ ಮಾಡಿದ್ದ. ಹಳೆಯ ಕಾರೊಂದನ್ನು ಕೊಂಡು, ರಜಾದಿನಗಳಲ್ಲಿ ತಾನೇ ಬಿಚ್ಚಿ ಜೋಡಿಸುವ ಹವ್ಯಾಸ ಹಚ್ಚಿಕೊಂಡಿದ್ದಾನೆ. “ದೊಡ್ಡಪ್ಪಾ, ನಮ್ಮ ಕಡೆ ಕಾರಿಗೆ ಒಳ್ಳೇ ಬೋಲ್ಟು ನಟ್ಟು ಎಲ್ಲಿ ಸಿಗುತ್ತೆ? ಬೆಲೇನೂ ಕೈಗೆಟುಕೋ ಹಾಗಿರಬೇಕು” ಎಂದು ಕೇಳಿದ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಬೋಧಿಸಿದವನನ್ನು ಗ್ಯಾರೇಜಿನ ವಿಷಯ ಕೇಳುವುದೇಕೆ ಎಂದು ನೀವು ನಗಬಹುದು. ನಮ್ಮ ಬಂಧುಬಳಗದಲ್ಲಿ ಬೋಲ್ಟು ಎಂದೊಡನೆ ನನ್ನ ನೆನಪಾಗುವುದಕ್ಕೆ ಒಂದು ಕಾರಣವಿದೆ. ಅದು ಹೆಮ್ಮೆಪಡುವಂಥ ಕಾರಣವಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ನನ್ನ ಬಳಿ ಕಲಿತವರಿಗೆ ಒಂದು ಪ್ರಯೋಗ ನೆನಪಿರಬಹುದು. ಕಾಗದವನ್ನು ಲಂಬಕೋನ ತ್ರಿಭುಜದ ಆಕಾರಕ್ಕೆ ಕತ್ತರಿಸಿ ಪೆನ್ಸಿಲಿನ ಸುತ್ತ ಸುತ್ತುತ್ತಿದ್ದೆ. ತ್ರಿಭುಜದ ಓರೆ ಅಂಚು ಸುರುಳಿಯಾಗಿ ಪೆನ್ಸಿಲನ್ನು ಏರುತ್ತಿತ್ತು. “ತಿರುಪು ಎಂದರೆ ಸಿಲಿಂಡರಿಗೆ ಸುತ್ತಿದ ಇಳಿಜಾರು, ಅಷ್ಟೇ” ಎನ್ನುತ್ತಿದ್ದೆ. ಎರಡು ಸುರುಳಿಗಳ ನಡುವಿನ ಅಂತರವೇ ಪಿಚ್. ಸ್ಕ್ರೂ ಗೇಜಿನ ಪಾಠದಲ್ಲಿ ವರ್ಷವರ್ಷವೂ ಈ ಪ್ರಶ್ನೆ ಕೇಳಿದ್ದೇನೆ. ಉತ್ತರಿಸದವರನ್ನು ನಿಲ್ಲಿಸಿಯೂ ಇದ್ದೇನೆ. ಆದರೆ ಅಂಗಡಿಯ ಮುಂದೆ ನಿಂತಾಗ ಆ ಪ್ರಶ್ನೆ ನನಗೇ ಹೊಳೆಯಲಿಲ್ಲ.

2014ರ ಮೇ ತಿಂಗಳು. ನನ್ನಲ್ಲಿ ಒಂದು ಹಳೆಯ ಚಿಕ್ಕ ಕಾರಿತ್ತು. ಕೋಲಾರದ ಒಂದು ಗ್ಯಾರೇಜಿನಲ್ಲಿ ಅದರ ಮುಂದಿನ ಬ್ರೇಕು ಬಿಚ್ಚಿದಾಗ, ಕ್ಯಾಲಿಪರನ್ನು ಹಿಡಿದಿಡುವ ಎರಡು ಬೋಲ್ಟುಗಳು ತುಕ್ಕು ಹಿಡಿದು ಹಾಳಾಗಿದ್ದವು. ಕೆಲಸದ ಹುಡುಗ ಬೇರೆ ತರಬೇಕೆಂದ. ಸರಿಯಾದ ಬಿಡಿಭಾಗ ಬರುವುದಕ್ಕೆ ಎರಡು ದಿನ ಬೇಕಿತ್ತು. ನನಗೋ ಮರುದಿನ ಬೆಳಿಗ್ಗೆ ಶ್ರೀನಿವಾಸಪುರಕ್ಕೆ ಹೋಗಬೇಕಾದ ಅವಸರ. ಹಳೆಯ ಬೋಲ್ಟನ್ನೂ ಒಯ್ಯದೆ, ಗೇಟು ಕಿಟಕಿಗಳ ಸಾಮಾನು ಮಾರುವ ಒಂದು ಹಾರ್ಡ್‌ವೇರ್ ಅಂಗಡಿಗೆ ನಾನೇ ಹೋಗಿ, “ಹತ್ತು ಮಿಲಿಮೀಟರಿನ ಬೋಲ್ಟು ಎರಡು ಕೊಡಿ” ಎಂದೆ. ಅಂಗಡಿಯವರು ನಾನು ಕೇಳಿದ್ದನ್ನೇ ಕೊಟ್ಟರು; ಅವರ ತಪ್ಪು ಲವಲೇಶವೂ ಇಲ್ಲ. ಎರಡೂ ಸೇರಿ ಇಪ್ಪತ್ತು ರೂಪಾಯಿಯೊಳಗೆ ಮುಗಿಯಿತು. ಬಿಗಿಯುವಾಗ ಬೋಲ್ಟು ಎರಡು ಸುತ್ತಿಗೇ ಹಿಡಿದುಕೊಂಡಿತು. ಹುಡುಗ ಅನುಮಾನದಿಂದ ನನ್ನ ಮುಖ ನೋಡಿದ. “ಹೊಸದಲ್ಲವೇನಪ್ಪಾ, ಸ್ವಲ್ಪ ಬಿಗಿ ಇರುತ್ತೆ” ಎಂದುಬಿಟ್ಟೆ. ಮೇಷ್ಟರ ಮಾತೆಂದು ಅವನು ಉದ್ದನೆಯ ಪಾನಾ ಹಾಕಿ ತಿರುಗಿಸಿದ.

ಮರುದಿನ ಕಾರಿನಲ್ಲಿ ನನ್ನ ಹೆಂಡತಿ, ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮೊಮ್ಮಗಳು. ಮಾವಿನ ಕಾಲವಾದ್ದರಿಂದ ಶ್ರೀನಿವಾಸಪುರದ ರಸ್ತೆಯ ತುಂಬ ಹಣ್ಣಿನ ಟೆಂಪೋಗಳು. ಮುಂದೆ ಹೋಗುತ್ತಿದ್ದ ಒಂದು ಟೆಂಪೋ ಥಟ್ಟನೆ ನಿಂತಿತು. ನಾನು ಬ್ರೇಕು ತುಳಿದೆ. ಎಡಗಾಲಿಯ ಬಳಿ ‘ಟಣ್’ ಎಂದು ಸದ್ದಾಯಿತು, ಕಾರು ಬಲಕ್ಕೆ ಎಳೆಯಿತು. ಎದುರಿನಿಂದ ಆ ಕ್ಷಣದಲ್ಲಿ ಯಾವ ವಾಹನವೂ ಬರಲಿಲ್ಲ ಎಂಬುದೊಂದೇ ನಾನು ಇಂದು ಇದನ್ನು ಬರೆಯುತ್ತಿರುವುದಕ್ಕೆ ಕಾರಣ. ಕಾರು ರಸ್ತೆ ದಾಟಿ ಮಣ್ಣಿಗಿಳಿದು, ಒಂದು ಹುಣಸೆಮರದಿಂದ ಎರಡು ಮಾರು ದೂರದಲ್ಲಿ ನಿಂತಿತು. ಮೊಮ್ಮಗಳು ಅಳಲೂ ಇಲ್ಲ. “ಏನಾಯ್ತು ರೀ?” ಎಂದು ಹೆಂಡತಿ ಕೇಳಿದ್ದಕ್ಕೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಟೆಂಪೋದ ಚಾಲಕ ಶ್ರೀನಿವಾಸಪುರದ ಒಬ್ಬ ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದವನು ನನ್ನನ್ನು ಕಂಡು ಹೆಲ್ಮೆಟ್ ತೆಗೆದು ನಮಸ್ಕರಿಸಿದ. ನನ್ನ ಹಳೆಯ ವಿದ್ಯಾರ್ಥಿ! ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ ಶಾಲೆ ಬಿಟ್ಟವನು. ಚಕ್ರ ಬಿಚ್ಚಿ ನೋಡಿದ. ಒಂದು ಬೋಲ್ಟು ತುಂಡಾಗಿತ್ತು, ಇನ್ನೊಂದು ಹಲ್ಲು ಕಿತ್ತುಕೊಂಡು ಸಡಿಲವಾಗಿತ್ತು. ತುಂಡಾದ ತಲೆಯನ್ನು ನನ್ನ ಅಂಗೈಯಲ್ಲಿಟ್ಟು, ತನ್ನ ಡಬ್ಬಿಯಿಂದ ಇನ್ನೊಂದು ಬೋಲ್ಟು ತೆಗೆದು ಅದರ ಪಕ್ಕದಲ್ಲಿಟ್ಟ.

“ಎರಡನ್ನೂ ನೋಡಿ ಸಾರ್. ಇದರ ತಲೆ ಮೇಲೆ ಏನೂ ಇಲ್ಲ, ಬೋಳು. ಇದರ ಮೇಲೆ 8.8 ಅಂತ ಇದೆ. ಮತ್ತೆ ಪಿಚ್ಚೂ ಬೇರೆ ಸಾರ್. ನಿಮ್ಮದು ಒಂದೂವರೆ, ಗಾಡೀದು ಒಂದೂಕಾಲು.”

ಸ್ವಲ್ಪ ತಡೆದು, ತಲೆ ತಗ್ಗಿಸಿಕೊಂಡೇ ಹೇಳಿದ: “ಪಿಚ್ ಅಂದ್ರೇನು ಅಂತ ಒಂದು ದಿವಸ ನನ್ನ ಪೀರಿಯಡ್ ಪೂರ್ತಿ ನಿಲ್ಸಿದ್ರಿ ಸಾರ್. ಆಮೇಲೆ ಗ್ಯಾರೇಜಿಗೆ ಸೇರಿದಾಗ ಮೊದಲನೇ ದಿನಾನೇ ನೀವು ಪೆನ್ಸಿಲಿಗೆ ಕಾಗದ ಸುತ್ತಿದ್ದು ಜ್ಞಾಪಕ ಬಂತು.”

ಅದರಲ್ಲಿ ಕೊಂಕು ಕಿಂಚಿತ್ತೂ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ವಿಷಯದಲ್ಲಿ ಹೋಗಬಹುದಾಗಿದ್ದುದು ಬರಿಯ ಮಾನವಲ್ಲ.

ಅಂದಿನಿಂದ ಅವನು ಗುರು, ನಾನು ಶಿಷ್ಯ. ಅವನಿಂದ ಕಲಿತದ್ದನ್ನು ನನ್ನ ಮೇಷ್ಟರ ಬುದ್ಧಿಯಿಂದ ವಿಂಗಡಿಸಿ ಹೇಳುತ್ತೇನೆ.

ಮೊದಲನೆಯದು, ತಲೆಯ ಮೇಲಿನ ಅಂಕಿ. 8.8 ಎಂಬಲ್ಲಿ ಮೊದಲ 8ನ್ನು ನೂರರಿಂದ ಗುಣಿಸಿದರೆ 800; ಒಂದು ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್ ಎಳೆತದವರೆಗೆ ಬೋಲ್ಟು ತುಂಡಾಗದು. ಎರಡನೆಯ 8 ಎಂದರೆ ಆ ಮಿತಿಯ ಹತ್ತರಲ್ಲಿ ಎಂಟು ಪಾಲು, ಅಂದರೆ 640ರವರೆಗೆ ಅದು ಶಾಶ್ವತವಾಗಿ ಹಿಗ್ಗದು. ಗೇಟಿಗೆ ಬಳಸುವ ಸಾಧಾರಣ 4.6 ದರ್ಜೆಯಲ್ಲಿ ಈ ಸಂಖ್ಯೆಗಳು 400 ಮತ್ತು 240. ಲೆಕ್ಕ ಮಾಡೋಣ. 10 ಮಿ.ಮೀ. ಬೋಲ್ಟು ಒಂದೂವರೆ ಪಿಚ್ಚಿನದಾದರೆ ಭಾರ ಹೊರುವ ಅದರ ವಿಸ್ತೀರ್ಣ ಸುಮಾರು 58 ಚದರ ಮಿ.ಮೀ. 4.6 ಆದರೆ ಸುಮಾರು 1,400 ಕಿಲೋ ಭಾರಕ್ಕೇ ಹಿಗ್ಗತೊಡಗುತ್ತದೆ, 8.8 ಆದರೆ ಸುಮಾರು 3,800 ಕಿಲೋವರೆಗೆ ತಾಳುತ್ತದೆ. ಕಣ್ಣಿಗೆ ಎರಡೂ ಒಂದೇ! ಬೋಳು ತಲೆಯ ಬೋಲ್ಟನ್ನು ಗೇಟಿನ ಬೋಲ್ಟೆಂದೇ ತಿಳಿಯಿರಿ. ಜಪಾನಿ ವಿನ್ಯಾಸದ ಕಾರುಗಳ ಮೂಲ ಬೋಲ್ಟುಗಳ ಮೇಲೆ ಕೆಲವೊಮ್ಮೆ 7, 9 ಎಂಬ ಒಂಟಿ ಅಂಕಿ ಇರುತ್ತದೆ. ಅದೂ ದರ್ಜೆಯ ಗುರುತೇ. ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟಿಗೂ ಮರುಳಾಗಬೇಡಿ. ಎ2-70 ಎಂಬ ಸಾಮಾನ್ಯ ದರ್ಜೆಯದು 700ರ ಸಾಮರ್ಥ್ಯದ್ದು. ತುಕ್ಕು ಹಿಡಿಯದು ನಿಜ, ಆದರೆ 8.8ಕ್ಕಿಂತ ದುರ್ಬಲ.

ಎರಡನೆಯದು, ಅಳತೆ. ಮೆಕ್ಯಾನಿಕ್ “ಹನ್ನೆರಡರ ಬೋಲ್ಟು” ಎಂದರೆ ಅದು ಬೋಲ್ಟಿನ ದಪ್ಪವಲ್ಲ, ಪಾನಾದ ನಂಬರು. 8 ಮಿ.ಮೀ. ಬೋಲ್ಟಿನ ತಲೆಗೆ ಸಾಮಾನ್ಯವಾಗಿ ಹದಿಮೂರರ ಪಾನಾ ಬೇಕು. ಜಪಾನಿ ಕಾರಿನಲ್ಲಾದರೆ ಹನ್ನೆರಡರದು. ಇದು ತಿಳಿಯದವರು ಅಂಗಡಿಯಲ್ಲಿ ಹನ್ನೆರಡು ಮಿಲಿಮೀಟರ್ ದಪ್ಪದ್ದನ್ನು ಕೊಂಡು ಬರುತ್ತಾರೆ. ಆದ್ದರಿಂದ ಬಾಯಲ್ಲಿ ಹೇಳುವುದಕ್ಕಿಂತ ಹಳೆಯ ಬೋಲ್ಟನ್ನೇ ಕೊಂಡೊಯ್ಯಿರಿ. ದಪ್ಪ, ಪಿಚ್, ತಲೆಯ ಕೆಳಗಿನ ಉದ್ದ, ಅಂಕಿ, ಈ ನಾಲ್ಕನ್ನೂ ಹೋಲಿಸಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹಲ್ಲಿಗೆ ಹಲ್ಲು ಸೇರಿಸಿ ಬೆಳಕಿಗೆ ಹಿಡಿದರೆ ಪಿಚ್ಚಿನ ವ್ಯತ್ಯಾಸ ಕಾಣುತ್ತದೆ. ಹೊಸ ಬೋಲ್ಟು ಮೊದಲ ನಾಲ್ಕೈದು ಸುತ್ತು ಬರಿಯ ಬೆರಳಿನಿಂದಲೇ ತಿರುಗಬೇಕು. ತಿರುಗದಿದ್ದರೆ ಪಾನಾ ಎತ್ತಿಕೊಳ್ಳಬೇಡಿ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ವಿಶೇಷ ಎಚ್ಚರಿಕೆಯೊಂದಿದೆ. ನನ್ನ ಸೋದರಮಾವ ಕೋಲಾರ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅವರು ಬಿಟ್ಟುಹೋದ ಒಂದು ತಗಡಿನ ಡಬ್ಬಿ ನಮ್ಮ ಮನೆಯಲ್ಲಿದೆ, ಅದರ ತುಂಬ ಅಂಗುಲದ ಅಳತೆಯ ಬೋಲ್ಟುಗಳು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಹಲ್ಲುಗಳು ಅವು. ಹಲ್ಲಿನ ಕೋನ 55 ಡಿಗ್ರಿ, ಮೆಟ್ರಿಕ್‌ನಲ್ಲಿ 60. ಗಣಿ 2001ರಲ್ಲಿ ಮುಚ್ಚಿತು. ಆದರೆ ಇಂಥ ಡಬ್ಬಿಗಳು ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿರಬಹುದು. ಐದು ಹದಿನಾರಾಂಶ ಅಂಗುಲದ ಬೋಲ್ಟು ದಪ್ಪದಲ್ಲಿ 7.94 ಮಿ.ಮೀ.; ಎಂಟು ಮಿಲಿಮೀಟರಿನ ಅವಳಿಯಂತೆ ತೋರುತ್ತದೆ. ಆದರೆ ಪಿಚ್ 1.25ರ ಬದಲು ಸುಮಾರು 1.41. ಆ ಡಬ್ಬಿಯನ್ನು ಮಾವನ ನೆನಪಿಗೆಂದು ಇಟ್ಟುಕೊಂಡಿದ್ದೇನೆ, ಕಾರಿನ ಹತ್ತಿರಕ್ಕೆ ಒಯ್ಯುವುದಿಲ್ಲ.

ಮೂರನೆಯದು, ಉಳಿತಾಯ. ಕಾರಿನ ಬೋಲ್ಟುಗಳೆಲ್ಲವೂ ಪ್ರಾಣ ಹೊತ್ತಿರುವುದಿಲ್ಲ. ನಂಬರ್ ಪ್ಲೇಟು, ಮಡ್‌ಗಾರ್ಡು, ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಗಳಿಗೆ ಸಾಧಾರಣ ಬೋಲ್ಟು ಸಾಕು. ಅಲ್ಲಿ ಧಾರಾಳವಾಗಿ ಉಳಿಸಿ. ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್, ಚಕ್ರ, ಸೀಟ್ ಬೆಲ್ಟು ಈ ಐದು ಕಡೆ ಕಾರಿನ ತಯಾರಕರ ಬಿಡಿಭಾಗವನ್ನೋ ಅದೇ ದರ್ಜೆಯ, ಅದೇ ಪಿಚ್ಚಿನ ಹೆಸರಾಂತ ತಯಾರಿಕೆಯನ್ನೋ ಬಿಲ್ಲಿನೊಂದಿಗೆ ಕೊಳ್ಳಿ. ಚೆನ್ನೈನ ಸುಂದರಂ ಫಾಸ್ಟ್‌ನರ್ಸ್‌ನವರ ಬೋಲ್ಟಿನ ತಲೆಯ ಮೇಲೆ ಟಿವಿಎಸ್ ಎಂಬ ಗುರುತಿರುತ್ತದೆ. ಅಲೆನ್ ಕೀ ಬೋಲ್ಟುಗಳಲ್ಲಿ ಅನ್‌ಬ್ರಾಕೊ ಹೆಸರುವಾಸಿ. ನಮ್ಮ ದೇಶದಲ್ಲಿ ಬೋಲ್ಟು ನಟ್ಟುಗಳ ದೊಡ್ಡ ತವರು ಲೂಧಿಯಾನ. ಅಲ್ಲಿಂದ ಉತ್ತಮವಾದುದೂ ಬರುತ್ತದೆ, ಸಾಧಾರಣವಾದುದೂ ಬರುತ್ತದೆ. ಊರಿನ ಹೆಸರನ್ನಲ್ಲ, ತಲೆಯ ಮೇಲಿನ ತಯಾರಕರ ಗುರುತನ್ನೂ ಅಂಕಿಯನ್ನೂ ನೋಡಬೇಕು. ಒಳಗೆ ನೈಲಾನ್ ಬಳೆಯಿರುವ ನಟ್ಟನ್ನು ಒಮ್ಮೆ ಬಿಚ್ಚಿದರೆ ಬದಲಿಸಿ. ಗುಜರಿಯ ಬೋಲ್ಟು ಎಷ್ಟು ಹಿಗ್ಗಿದೆಯೋ ಕಣ್ಣಿಗೆ ತಿಳಿಯದಾದ್ದರಿಂದ ಈ ಐದು ಕಡೆಗೆ ಅದು ಬೇಡ.

ಇನ್ನು ಎಲ್ಲಿ ಕೊಳ್ಳುವುದು? ನಾನು ಕಂಡಂತೆ ಶ್ರೀನಿವಾಸಪುರದ ಅಂಗಡಿಗಳಲ್ಲಿ ಟ್ರ್ಯಾಕ್ಟರು ಟೆಂಪೋಗಳದ್ದು, ಹೆದ್ದಾರಿಯ ಮೇಲಿರುವ ಮುಳಬಾಗಿಲಿನಲ್ಲಿ ಲಾರಿಗಳದ್ದು ಚೆನ್ನಾಗಿ ಸಿಗುತ್ತದೆ. ಚಿಕ್ಕ ಕಾರುಗಳ ಸಣ್ಣ ಪಿಚ್ಚಿನ ಬೋಲ್ಟಿಗೆ ಕೋಲಾರದಲ್ಲೋ ಮಾಲೂರಿನಲ್ಲೋ ಆಟೋಮೊಬೈಲ್ ಅಂಗಡಿಯನ್ನೇ ಹುಡುಕಬೇಕು. ಕಟ್ಟಡದ ಹಾರ್ಡ್‌ವೇರ್ ಅಂಗಡಿಯನ್ನಲ್ಲ. ಹೆಚ್ಚು ಬೇಕಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ವಾಹನದ ಬಿಡಿಭಾಗಗಳಿಗೆ, ಎಸ್.ಜೆ.ಪಿ. ರಸ್ತೆ ಬೋಲ್ಟು ಮತ್ತು ಉಪಕರಣಗಳಿಗೆ ಪ್ರಸಿದ್ಧ. ವರ್ಷಕ್ಕೊಮ್ಮೆ ನಾನೂ ನನ್ನ ಶಿಷ್ಯನೂ ಅಲ್ಲಿಗೆ ಹೋಗಿ, 6, 8, 10 ಮಿ.ಮೀ. ಅಳತೆಯ 8.8 ಬೋಲ್ಟುಗಳನ್ನು ಒಟ್ಟಿಗೆ ಕೊಂಡು ಹಂಚಿಕೊಳ್ಳುತ್ತೇವೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗುತ್ತದೆ, ಅವಸರಕ್ಕೆ ಕೈಗೆ ಸಿಗುತ್ತದೆ. ನನ್ನ ಅಂದಿನ ತಪ್ಪಿಗೆ ಮೂಲ ಜಿಪುಣತನಕ್ಕಿಂತ ಅವಸರವೇ ಅಲ್ಲವೇ?

ತುಂಡಾದ ಆ ಬೋಲ್ಟು ಇಂದಿಗೂ ನನ್ನ ಮೇಜಿನ ಮೇಲಿದೆ. ನಿವೃತ್ತನಾಗುವವರೆಗೂ ಸ್ಕ್ರೂ ಗೇಜಿನ ಪಾಠಕ್ಕೆ ಅದನ್ನು ತರಗತಿಗೆ ಒಯ್ಯುತ್ತಿದ್ದೆ. ಪಿಚ್ ಎಂದರೇನು ಎಂದು ಕೇಳುವುದನ್ನು ಬಿಡಲಿಲ್ಲ. ಉತ್ತರ ಬಾರದವರನ್ನು ನಿಲ್ಲಿಸುವುದನ್ನು ಮಾತ್ರ ಬಿಟ್ಟೆ. ಹುಣಸೆಮರದ ಬಳಿ ಅಳದೆ ಕುಳಿತಿದ್ದ ಮೊಮ್ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಪೆನ್ಸಿಲಿಗೆ ಕಾಗದ ಸುತ್ತಿ ನನಗೇ ತೋರಿಸಿದಳು. ನಿಮ್ಮಲ್ಲಿ ಗ್ಯಾರೇಜು ನಡೆಸುವವರು ಅನೇಕರಿದ್ದೀರಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಸಂಕೋಚವಿಲ್ಲದೆ ತಿದ್ದಿರಿ. ನಿಮ್ಮ ಮೇಷ್ಟರು ಈಗ ನಿಂತುಕೊಂಡು ಕೇಳಲು ಸಿದ್ಧ.