ಅನುಮತಿ ಕೇಳದೆ ಎದ್ದುನಿಲ್ಲುವ ವಿಂಡೋ

ಪರರ ಮನೆಯನ್ನು ಪ್ರವೇಶಿಸುವ ಮುನ್ನ ಸಲಾಮ್ ಹೇಳಿ ಅನುಮತಿ ಪಡೆಯಬೇಕೆಂದೂ, ಮರಳಿ ಹೋಗೆಂದರೆ ಮರಳಬೇಕೆಂದೂ ಸೂರಃ ಅನ್ನೂರ್ ನಮಗೆ ಕಲಿಸಿದೆ. ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಹಿಂದಿರುಗುವುದು ಪ್ರವಾದಿ(ಸ)ರು ಕಲಿಸಿದ ಶಿಷ್ಟಾಚಾರ. ಕಂಪ್ಯೂಟರಿನ ಪರದೆಗೂ ಇಂಥದೊಂದು ಬಾಗಿಲು ಬೇಕೆಂದು ದೊಡ್ಡನೆಕ್ಕುಂದಿಯಲ್ಲಿ ದುಡಿಯುವ ನಮಗೆ ಅನೇಕ ಬಾರಿ ಅನಿಸಿದೆ.

ಹೊರ ವರ್ತುಲ ರಸ್ತೆಯ ದೊಡ್ಡ ಕಚೇರಿಗಳಿರಲಿ, ಇಲ್ಲಿನ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿರಲಿ, ಲೆಕ್ಕ ಬರೆಯುವವರ ನೋಟ ಕಾಗದದ ಮೇಲಿರುತ್ತದೆ, ಬೆರಳು ಕೀಲಿಮಣೆಯ ಮೇಲೆ. ಕಳೆದ ರಮಝಾನ್‌ನಲ್ಲಿ ನಾವು ಕಾರ್ಮಿಕರ ವೇತನದ ಅಂಕಿಗಳನ್ನು ತುಂಬುತ್ತಿದ್ದಾಗ ಒಂದು ತಂತ್ರಾಂಶದ ವಿಂಡೋ ಹಠಾತ್ತನೆ ಮುಂದೆ ಬಂತು. ಅಂಕಿಯ ಕೊನೆಗೆ ಒತ್ತಿದ ಎಂಟರ್ ಅನ್ನೇ ಅದು ಸಮ್ಮತಿಯೆಂದು ಸ್ವೀಕರಿಸಿ ಯಂತ್ರವನ್ನು ಮರುಚಾಲನೆಗೊಳಿಸಿತು. ಉಳಿಸದಿದ್ದ ಲೆಕ್ಕ ಅಳಿಯಿತು, ವೇತನ ಒಂದು ದಿನ ತಡವಾಯಿತು. ಹಬ್ಬದ ಬಟ್ಟೆಗಾಗಿ ಕಾದಿದ್ದ ಮನೆಗಳಿಗೆ ಆ ಒಂದು ದಿನ ಸಣ್ಣದಾಗಿರಲಿಲ್ಲ. ಓದಲು ಅವಕಾಶವೇ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆ ಹೇಗಾದೀತು? ಗುಪ್ತಪದವನ್ನು ಟೈಪ್ ಮಾಡುವಾಗ ಹೀಗೆ ಚಾಟ್ ವಿಂಡೋ ಎದ್ದುಬಂದರಂತೂ ರಹಸ್ಯವೇ ಬಯಲಾಗುತ್ತದೆ.

ವಾಸ್ತವದಲ್ಲಿ ಇದಕ್ಕೆ ತಡೆ ಬಹಳ ಹಿಂದೆಯೇ ಬಂದಿದೆ. ವಿಂಡೋಸ್ 98 ಮತ್ತು ವಿಂಡೋಸ್ 2000ರ ಕಾಲದಿಂದ, ನಾವು ಬೇರೊಂದು ಕೆಲಸದಲ್ಲಿರುವಾಗ ಮುಂದೆ ಬರಲು ಯತ್ನಿಸುವ ತಂತ್ರಾಂಶದ ಗುಂಡಿ ಟಾಸ್ಕ್‌ಬಾರ್‌ನಲ್ಲಿ ಮಿನುಗಬೇಕಷ್ಟೆ. ರಿಜಿಸ್ಟ್ರಿಯ ‘ಫೋರ್‌ಗ್ರೌಂಡ್‌ಲಾಕ್‌ಟೈಮ್‌ಔಟ್’ ಎಂಬ ಮೌಲ್ಯ ಸಾಮಾನ್ಯವಾಗಿ 200000 ಮಿಲಿಸೆಕೆಂಡ್, ಅಂದರೆ 200 ಸೆಕೆಂಡು. ಅದು ಸೊನ್ನೆಯಾಗಿದ್ದರೆ ಕಾವಲುಗಾರನಿಲ್ಲವೆಂದೇ ಅರ್ಥ. ಆದರೆ ನಾವು ಬಳಸುತ್ತಿರುವ ತಂತ್ರಾಂಶವೇ ತೆರೆದ ಇನ್ನೊಂದಕ್ಕೆ ಈ ತಡೆಯಿಂದ ವಿನಾಯಿತಿಯುಂಟು. ನುಸುಳುವುದು ಹೆಚ್ಚಾಗಿ ಇಂಥ ದಾರಿಗಳಿಂದ.

ಲಿನಕ್ಸ್‌ನ ಕೆಡಿಇಯಲ್ಲಿ ಈ ತಡೆಗೆ ಐದು ಹಂತಗಳಿವೆ, ಆಯ್ಕೆ ಬಳಕೆದಾರನದು. ಇದೇ ಹೆಚ್ಚು ನ್ಯಾಯವೆಂಬುದು ನಮ್ಮ ಅಭಿಪ್ರಾಯ. 2023ರ ಮ್ಯಾಕ್‌ಓಎಸ್ ಸೊನೊಮಾದಲ್ಲಿ ತಂತ್ರಾಂಶವು ಮುಂದೆ ಬರಲು ಕೋರಬಹುದು, ಒತ್ತಾಯಿಸಲಾಗದು. ಮುಂದಿರುವುದು ಸ್ಥಳ ಬಿಟ್ಟುಕೊಡಬೇಕು.

‘ಡು ನಾಟ್ ಡಿಸ್ಟರ್ಬ್’ ಒತ್ತಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಅದು ಮೂಲೆಯಲ್ಲಿ ಮೂಡುವ ಸೂಚನೆಗಳನ್ನು ಮಾತ್ರ ಮೌನಗೊಳಿಸುತ್ತದೆ, ಎದ್ದುಬರುವ ವಿಂಡೋವನ್ನಲ್ಲ. ನಮ್ಮ ಯಂತ್ರದಲ್ಲಿ ಈಗ ಆರಂಭದಲ್ಲೇ ತಾನಾಗಿ ತೆರೆದುಕೊಳ್ಳುವ ತಂತ್ರಾಂಶಗಳನ್ನು ನಿಲ್ಲಿಸಿದ್ದೇವೆ, ವಿಂಡೋಸ್ ಅಪ್‌ಡೇಟಿಗೆ ಕೆಲಸದ ವೇಳೆಯನ್ನು ಗೊತ್ತುಪಡಿಸಿದ್ದೇವೆ, ವೇತನದ ದಿನ ಚಾಟ್ ಅನ್ನು ಪೂರ್ಣವಾಗಿ ಮುಚ್ಚುತ್ತೇವೆ. ತುರ್ತಿದ್ದವರು ಫೋನ್ ಮಾಡುತ್ತಾರೆ.